ಹಾಡಲು ಬಾರದ ಸಂಗೀತದ ಟೀಚರು

ಹೋದ ವಾರ ಸಾಂತಾಕ್ರೂಜ್ ಸ್ಟೇಷನ್ನಿನ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ನನ್ನ ಕಿವಿಯ ಪರೀಕ್ಷೆ ನಡೆಯಿತು. ಟೀವಿಯ ದನಿಯನ್ನು ನಾನು ಬಹಳ ಏರಿಸುತ್ತೇನೆಂದು ಸೊಸೆಯ ದೂರು. ಗಾಜಿನ ಕಿಟಕಿಯಿದ್ದ ಒಂದು ಪುಟ್ಟ ಕೋಣೆಯಲ್ಲಿ ನನ್ನನ್ನು ಕೂರಿಸಿ, ಎರಡೂ ಕಿವಿಗೆ ಹೆಡ್‌ಫೋನ್ ಏರಿಸಿ, ಕೈಗೊಂದು ಬಟನ್ ಕೊಟ್ಟರು. "ಆಂಟಿ, ಆವಾಜ್ ಆಯೇ ತೋ ಹೀ ದಬಾನಾ, ಹಾಂ?" ಎಂದು, ಸದ್ದು ಕೇಳಿಸಿದರೆ ಮಾತ್ರ ಒತ್ತಬೇಕೆಂದು ಹೇಳಿ ಅಲ್ಲಿನ ಒಬ್ಬ ಚಿಕ್ಕ ವಯಸ್ಸಿನ ಹುಡುಗಿ ಗಾಜಿನ ಆಚೆ ಹೋಗಿ ಮಷೀನಿನ ಮುಂದೆ ಕೂತಳು. ಮೊದಮೊದಲು ಕೇಳಿಸಿತು, ಒತ್ತಿದೆ. ಆಮೇಲೆ ಕೇಳಿಸಿತೋ ಇಲ್ಲವೋ ತಿಳಿಯದಾಯಿತು. ಅಷ್ಟರಲ್ಲಿ ಆ ಹುಡುಗಿ ಗುಂಡಿ ತಿರುಗಿಸುವಾಗಲೆಲ್ಲ ಅವಳ ಬಲ ಭುಜ ಒಂದು ಕೂದಲೆಳೆಯಷ್ಟು ಅಲುಗುವುದು ನನ್ನ ಕಣ್ಣಿಗೆ ಬಿತ್ತು. ಭುಜ ಅಲುಗಿತು, ಬಟನ್ ಒತ್ತಿದೆ. ಕೊನೆಗೆ ಡಾಕ್ಟರು ಕಾಗದ ನೋಡಿ, ಈ ವಯಸ್ಸಿಗೆ ಇಷ್ಟು ಚೆನ್ನಾದ ಕಿವಿ ಅಪರೂಪ ಎಂದು ನನ್ನನ್ನು ಹೊಗಳಿ ಕಳಿಸಿದರು. ಸೊಸೆಯ ಮುಖ ನೋಡಬೇಕಿತ್ತು ನೀವು.

ಈ ಕಳ್ಳತನ ನನಗೆ ಹೊಸದಲ್ಲ. ಇದನ್ನು ನಾನು ಎಂಟು ವರ್ಷದವಳಿದ್ದಾಗಲೇ ಧಾರವಾಡದಲ್ಲಿ ಕಲಿತೆ. ನಮ್ಮ ತಂದೆಗೆ ಗಾಯನ ಕೇಳುವ ಹುಚ್ಚು. ಊರಲ್ಲಿ ಯಾರ ಮನೆಯ ಪಡಸಾಲೆಯಲ್ಲಿ ಬೈಠಕ್ ನಡೆದರೂ ನನ್ನ ಕೈ ಹಿಡಿದುಕೊಂಡು ಹೊರಡುತ್ತಿದ್ದರು. ಅಲ್ಲಿ ಕೂತವರೆಲ್ಲ ಯಾವುದೋ ಒಂದು ಗಳಿಗೆಗೆ ಸರಿಯಾಗಿ ಒಟ್ಟಿಗೇ ತಲೆದೂಗಿ "ಆಹಾ" ಅನ್ನುತ್ತಿದ್ದರು. ತಾಳ ಒಂದು ಸುತ್ತು ತಿರುಗಿ ಮೊದಲಿನ ಪೆಟ್ಟಿಗೆ ಬಂದು ಸೇರುವ ಆ ಜಾಗಕ್ಕೆ ಸಮ್ ಎನ್ನುತ್ತಾರೆ. ಅದು ಯಾವಾಗ ಬರುತ್ತದೆಂದು ಇವರಿಗೆಲ್ಲ ಯಾರು ಹೇಳುತ್ತಾರೆ ಎಂಬುದು ನನ್ನ ದೊಡ್ಡ ಸಮಸ್ಯೆಯಾಗಿತ್ತು. ಆಮೇಲೆ ಗುಟ್ಟು ಸಿಕ್ಕಿತು. ನಮ್ಮ ತಂದೆಯ ತೋರುಬೆರಳು ಅವರ ಮೊಣಕಾಲಿನ ಮೇಲೆ ಸಮ್‌ಗೆ ಸರಿಯಾಗಿ ಒಮ್ಮೆ ಬೀಳುತ್ತಿತ್ತು. ನಾನು ಗಾಯಕರನ್ನು ನೋಡುವುದು ಬಿಟ್ಟು ಆ ಬೆರಳನ್ನೇ ನೋಡತೊಡಗಿದೆ. ಅದು ಬಿದ್ದರೆ ನನ್ನ ತಲೆಯೂ ಬೀಳುತ್ತಿತ್ತು. "ರಾಯರ ಮಗಳಿಗೆ ಏನು ಜ್ಞಾನ ಅದ ನೋಡ್ರಿ!" ಎಂದು ಜನ ಬೆರಗಾಗುತ್ತಿದ್ದರು.

ಈ ಜ್ಞಾನವನ್ನು ನಂಬಿ ತಂದೆ ನನ್ನನ್ನು ಪಾಠಕ್ಕೆ ಹಾಕಿದರು. ಮೂರೇ ತಿಂಗಳಿಗೆ ಗುರುಗಳು ಮನೆಗೇ ಬಂದು ಕೂತರು. ಚಹಾ ಕುಡಿದು, ಬಟ್ಟಲು ಕೆಳಗಿಟ್ಟು, "ರಾಯರ, ಕೂಸಿನ ದನಿ ಒಂದು ಕಡೆ ಹೊಂಟದ, ಪೇಟಿ ಒಂದು ಕಡೆ ಹೊಂಟದ. ಇಬ್ಬರೂ ಭೇಟಿ ಆಗೂ ಲಕ್ಷಣ ನನಗೇನೂ ಕಾಣವಲ್ಲದು" ಎಂದರು. ಪೇಟಿ ಅಂದರೆ ನಮ್ಮ ಕಡೆ ಹಾರ್ಮೋನಿಯಂ. ಅಲ್ಲಿಗೆ ನನ್ನ ಗಾಯನ ಮುಗಿಯಿತು. ಅಂದು ಬಾಗಿಲ ಹಿಂದೆ ನಿಂತು ಅತ್ತದ್ದನ್ನು ಇಂದಿಗೂ ಮರೆತಿಲ್ಲ. ನಾಚಿಕೆಯ ಸಂಗತಿಗಳನ್ನು ಮರೆಯದೆ ಇಟ್ಟುಕೊಳ್ಳುವುದರಲ್ಲಿ ನನ್ನ ತಲೆ ಬಲು ಗಟ್ಟಿ.

ಮದುವೆಯಾಗಿ ಮುಂಬಯಿಗೆ ಬಂದೆ. ಸಾಂತಾಕ್ರೂಜಿನಲ್ಲಿ ಎರಡು ಕೋಣೆಯ ಮನೆ. ಎಪ್ಪತ್ತರ ಆಸುಪಾಸಿನಲ್ಲಿ ಮಾಟುಂಗದ ಕಡೆಯ ಒಂದು ಕನ್ನಡ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಕೆಲಸ ಸಿಕ್ಕಿತು. ಆಗ ನಮ್ಮ ಹೆಡ್‌ಮಾಸ್ತರರು ಉಡುಪಿ ಕಡೆಯವರು. ಬಿಳಿ ಅಂಗಿ, ಬಿಳಿ ಧೋತರ, ಜೇಬಿನಲ್ಲಿ ಕೆಂಪು ಪೆನ್ನು. ಶಾಲೆಯ ಟೈಮ್ ಟೇಬಲ್ಲನ್ನು ಪ್ರತಿ ಜೂನಿನಲ್ಲಿ ತಾವೇ ಮುತ್ತಿನಂಥ ಅಕ್ಷರದಲ್ಲಿ ಬರೆದು ಆಫೀಸಿನ ಗೋಡೆಗೆ ಅಂಟಿಸುತ್ತಿದ್ದರು. ಮಕ್ಕಳಿಗೆ ಸಂಗೀತದ ರುಚಿ ಹತ್ತಬೇಕು ಎಂದು ಅವರಿಗೆ ಆ ವರ್ಷ ಅದು ಹೇಗೋ ಹೊಳೆದಿತ್ತು. ನನ್ನನ್ನು ಕರೆಸಿದರು.

"ಟೀಚರೇ, ಶನಿವಾರ ಕೊನೆಯ ಪೀರಿಯಡ್ ಒಂಬತ್ತನೆಯ ಕ್ಲಾಸಿಗೆ ಸಂಗೀತ. ನೀವು ತಗೊಳ್ಳಿ."

"ನಾನಾ ಸರ್? ನಂದು ಭೂಗೋಳ..."

"ಭೂಗೋಳ ಇರಲಿ ಮಾರಾಯ್ರೆ. ನೀವು ಧಾರವಾಡದವರಲ್ವಾ? ಮತ್ತೆಂಥದ್ದು?"

ಕರಾವಳಿಯವರಿಗೆ ಧಾರವಾಡವೆಂದರೆ ನಲ್ಲಿ ತಿರುಗಿಸಿದರೂ ರಾಗ ಬರುವ ಊರು. ಅಲ್ಲಿ ಹುಟ್ಟಿ ಹಾಡಲು ಬಾರದವರೂ ಇರಬಹುದು ಎಂಬ ಸಂಶಯವೇ ಅವರಿಗೆ ಬರಲಿಲ್ಲ. ಇಲ್ಲ ಎಂದು ನಾನಾದರೂ ಹೇಳಬಹುದಿತ್ತು. ಹೇಳಲಿಲ್ಲ. ಊರಿನ ಮಾನ ಉಳಿಸುತ್ತಿದ್ದೇನೆ ಅಂದುಕೊಂಡೆ. ನಿಜ ಹೇಳಬೇಕೆಂದರೆ, ಜೀವಮಾನದಲ್ಲಿ ಮೊದಲ ಸಲ ಒಬ್ಬರು ನನ್ನನ್ನು ಸಂಗೀತ ಬಲ್ಲವಳೆಂದು ತಿಳಿದಿದ್ದರು. ಆ ಸುಖವನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಮೊದಲ ಶನಿವಾರ ಬೋರ್ಡಿನ ಮೇಲೆ ಹತ್ತು ರಾಗಗಳ ಹೆಸರು ಬರೆದು ನದಿಗಳ ಹೆಸರಿನ ಹಾಗೆ ಬಾಯಿಪಾಠ ಮಾಡಿಸಿದೆ. ನಲವತ್ತು ಮಕ್ಕಳು ಆಕಳಿಸಿದರು. ಕೊನೆಯ ಬೆಂಚಿನಿಂದ ಗಂಗೂ ಎದ್ದು ನಿಂತಳು. ವಿಜಾಪುರದ ಕಡೆಯ ಹುಡುಗಿ. ತಂದೆ ಕಟ್ಟಡದ ಕೆಲಸಕ್ಕೆ ಬಂದು ಬೈಕುಲ್ಲಾದ ಒಂದು ಚಾಳಿನ ಒಂಟಿ ಕೋಣೆಯಲ್ಲಿ ಸಂಸಾರ ಹೂಡಿದವನು. ಭೂಗೋಳದ ಪೀರಿಯಡ್ಡಿನಲ್ಲಿ ಈ ಹುಡುಗಿ ಬಾಯಿ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ.

"ಟೀಚರ್, ಒಂದ್ ಹಾಡಿ ತೋರಸ್ರಿ."

"ಇವತ್ತು ಗಂಟಲು ಸರಿ ಇಲ್ಲ" ಎಂದೆ.

ಮುಂದಿನ ಶನಿವಾರವೂ ಗಂಟಲು ಸರಿ ಇರಲಿಲ್ಲ. ಅದರ ಮುಂದಿನ ಶನಿವಾರವೂ. ಮಕ್ಕಳಿಗೆ ಕರುಣೆ ಬಂತು. ಒಬ್ಬಳು ಜ್ಯೇಷ್ಠಮಧು ತಂದಳು, ಇನ್ನೊಬ್ಬ ಲವಂಗ. ಮಾಟುಂಗದ ಹೋಟೆಲಿನವರ ಮಗ ಸದಾನಂದ ಒಂದು ಫ್ಲಾಸ್ಕಿನ ತುಂಬ ಕಷಾಯ ತಂದು ಮೇಜಿನ ಮೇಲಿಟ್ಟ. "ಅಮ್ಮ ಕರಿಮೆಣಸು ಸ್ವಲ್ಪ ಜಾಸ್ತಿ ಹಾಕಿದ್ದಾರೆ ಟೀಚರ್. ಎಲ್ಲ ಕುಡೀಬೇಕಂತೆ." ಕುಡಿದೆ. ಆರು ವಾರ ಕುಡಿದೆ. ಸುಳ್ಳು ಹೇಳಿದ ಗಂಟಲಿಗೆ ಅಷ್ಟು ಖಾರ ಸರಿಯಾದ ಶಿಕ್ಷೆಯೇ. ಮಕ್ಕಳು ಮಾತ್ರ ಪ್ರತಿ ಗುಟುಕಿಗೂ ನನ್ನ ಮುಖವನ್ನು ಆಸೆಯಿಂದ ನೋಡುತ್ತಿದ್ದರು, ಇನ್ನೇನು ಹಾಡು ಹೊರಡುತ್ತದೆ ಅನ್ನುವಂತೆ. ಶನಿವಾರ ಹತ್ತಿರ ಬಂದರೆ ಲೋಕಲ್ ರೈಲಿನಲ್ಲಿ ಕೂತಾಗಲೇ ಈ ಸಲದ ನೆಪ ಯಾವುದೆಂದು ಹುಡುಕತೊಡಗುತ್ತಿದ್ದೆ.

ಶಾಲೆಯಲ್ಲಿ ಒಂದು ಹಳೆಯ ಹಾರ್ಮೋನಿಯಂ ಇತ್ತು. ಅದು ಕೆಟ್ಟಿದೆ, ರಿಪೇರಿಯಾಗುವವರೆಗೆ ಹಾಡುವುದು ಹೇಗೆ ಎಂಬ ಹೊಸ ನೆಪ ಹೂಡಿ, ಟ್ಯಾಕ್ಸಿಯಲ್ಲಿ ಅದನ್ನು ಬೈಕುಲ್ಲಾಕ್ಕೆ ಒಯ್ದೆ. ಅಲ್ಲಿ ಒಂದು ಗಲ್ಲಿಯಲ್ಲಿ, ಕುಲುಮೆಯ ಅಂಗಡಿಗೂ ತಗಡಿನ ಅಂಗಡಿಗೂ ನಡುವೆ, ಬೆಳಗಾವಿ ಕಡೆಯ ಬಾಳಪ್ಪನವರ ಪೇಟಿ ರಿಪೇರಿಯ ಅಂಗಡಿ. ಅರವತ್ತು ದಾಟಿದ ವಯಸ್ಸು. ಹರೆಯದಲ್ಲಿ ನಾಟಕದ ಕಂಪನಿಯಲ್ಲಿ ಹಾಡುತ್ತಿದ್ದವರು. ಸುತ್ತಲೂ ಅಷ್ಟು ಬಡಿತದ ಸದ್ದಿನಲ್ಲಿ ಇವರು ಸ್ವರ ಕೂಡಿಸುವುದು ಹೇಗೆ ಎಂದು ನನಗೆ ಆಶ್ಚರ್ಯ.

ಅವರ ಕೆಲಸದ ರೀತಿ ವಿಚಿತ್ರವಾಗಿತ್ತು. ತಮ್ಮ ಕಿವಿಯೊಂದನ್ನೇ ಅವರು ನಂಬುತ್ತಿರಲಿಲ್ಲ. ಅಂಗಡಿಗೆ ಯಾರು ಬಂದರೂ ಕೂರಿಸಿ ಕೇಳಿಸುತ್ತಿದ್ದರು. ಪೇಟಿಯ ಒಂದೊಂದು ಮನೆಗೂ, ಅಂದರೆ ಬೆರಳಿನಿಂದ ಒತ್ತುವ ಪಟ್ಟಿಗೂ, ಒಳಗೆ ಗಾಳಿಗೆ ನುಡಿಯುವ ಎರಡು ಹಿತ್ತಾಳೆಯ ರೀಡುಗಳಿರುತ್ತವೆ. ಎರಡೂ ಒಂದೇ ಸ್ವರ ನುಡಿಯಬೇಕು. ಚೂರು ಹೆಚ್ಚುಕಡಿಮೆಯಾದರೂ ದನಿ ನಡುಗುತ್ತದೆ. ಬಾಳಪ್ಪನವರು ನನ್ನನ್ನು ಒಂದು ಸ್ಟೂಲಿನ ಮೇಲೆ ಕೂರಿಸಿ ತಿದಿ ಒತ್ತಿದರು.

"ಬಾಯಾರ, ಕೇಳ್ರಿ. ಒಳಗ ಇಬ್ಬರು ಜಗಳಾಡಾಕತ್ತಾರ. ಜಗಳ ನಿಂತ ಕೂಡ್ಲೆ ಕೈ ಎತ್ರಿ."

ರೀಡಿನ ತುದಿಗೆ ಚೂರಿಯಿಂದ ಒಂದು ಗೀರು ಎಳೆದು ನುಡಿಸಿದರು. ವಂವ್ ವಂವ್ ಎಂದು ದನಿ ನಡುಗಿತು. ಇನ್ನೊಂದು ಗೀರು. ನಡುಕ ನಿಧಾನವಾಯಿತು. ಮತ್ತೊಂದು. ಆಗ, ಓದುಗರೇ, ನಡುಕ ನಿಂತೇ ಹೋಯಿತು. ಎರಡು ದನಿ ಒಂದಾಗಿ ಕೋಣೆ ತುಂಬಿತು. ನನ್ನ ಕೈ ತಾನಾಗಿ ಮೇಲೆ ಹೋಯಿತು. ಅಲ್ಲಿ ತಂದೆಯ ಬೆರಳಿರಲಿಲ್ಲ, ನೋಡಿ ಕದಿಯಲು ಏನೂ ಇರಲಿಲ್ಲ.

ಬಾಳಪ್ಪನವರು ಚೂರಿ ಕೆಳಗಿಟ್ಟು ನನ್ನನ್ನು ನೋಡಿದರು. "ಸಂಗೀತದ ಟೀಚರ್ ಅಂತ ಅಂದ್ರಿ. ಹಾಡಾಕ ಬರೂದಿಲ್ಲ, ಹೌದಿಲ್ಲೋ?"

"ನಿಮಗ ಹ್ಯಾಂಗ ಗೊತ್ತಾತು?"

"ಹಾಡಾವ್ರು ಪೇಟಿ ಕಂಡ್ರ ಮೊದಲ ಬಾಯಿ ತಗೀತಾರ, ಆಮ್ಯಾಲ ಕಿವಿ. ನೀವು ಬಾಯಿ ಬಿಗಿ ಹಿಡಕೊಂಡ ಕುಂತೀರಿ." ಆಮೇಲೆ ಮೆತ್ತಗೆ ಹೇಳಿದರು. "ಅದಕ್ಯಾಕ ಹೆದರತೀರಿ ತಾಯಿ? ಕಿವಿ ಐತಲ್ಲ."

ಉಳಿದ ರೀಡುಗಳನ್ನು ಹಾಗೆಯೇ ಬಿಡಲು ಹೇಳಿ, ಅರೆ ರಿಪೇರಿಯ ಪೇಟಿಯನ್ನು ವಾಪಸು ಒಯ್ದೆ. ಶನಿವಾರ ಬಂತು. ಬೆಂಚುಗಳನ್ನು ಗೋಡೆಗೆ ಸರಿಸಿ, ಎಲ್ಲರನ್ನೂ ಜಮಖಾನದ ಮೇಲೆ ಕೂರಿಸಿಕೊಂಡು, "ಮಕ್ಕಳೇ, ನನ್ನ ಗಂಟಲು ಚೆನ್ನಾಗಿಯೇ ಇದೆ. ನನಗೆ ಹಾಡಲು ಬರುವುದಿಲ್ಲ" ಎಂದೆ. ಗಂಗೂ ಎದ್ದು ನಿಂತಳು.

"ಮತ್ತ ಇಷ್ಟ ದಿನಾ ಕಷಾಯ ಯಾಕ ಕುಡದ್ರಿ ಟೀಚರ್?"

ಮೊದಲು ನಕ್ಕವಳು ನಾನು. ಆಮೇಲೆ ಇಡೀ ಕ್ಲಾಸು. ಸದಾನಂದ ಮಾತ್ರ ಸ್ವಲ್ಪ ನೊಂದುಕೊಂಡ, ಅವನ ತಾಯಿಯ ಕರಿಮೆಣಸು ವ್ಯರ್ಥವಾಯಿತಲ್ಲ ಎಂದು. ಎದೆಯ ಮೇಲಿನ ಭಾರ ಇಳಿದು ನಾನು ಎಷ್ಟು ಹಗುರಾದೆನೆಂದರೆ, ಅಂದು ಸಂಜೆ ಮಾಟುಂಗ ರೋಡ್ ಸ್ಟೇಷನ್ನಿನ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ.

ಅಲ್ಲಿಂದ ಮುಂದೆ ನಮ್ಮ ಶನಿವಾರಗಳೇ ಬೇರೆಯಾದವು. ಕೆಟ್ಟ ಪೇಟಿಯ ಒಂದೊಂದೇ ಮನೆ ಒತ್ತಿ, ಯಾವುದರಲ್ಲಿ ಜಗಳ, ಯಾವುದರಲ್ಲಿ ರಾಜಿ ಎಂದು ಮಕ್ಕಳು ಕಂಡುಹಿಡಿದರು. ಒಳ್ಳೆಯ ಪೇಟಿಯಿಂದ ಈ ಪಾಠ ಆಗುತ್ತಲೇ ಇರಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಒಂದು ಸದ್ದನ್ನು ಪೂರ್ತಿ ಕೇಳಿಕೊಂಡು ಬರುವುದು ವಾರದ ಹೋಮ್‌ವರ್ಕು. ಕಾವಲಿಗೆ ನೀರು ಚಿಮುಕಿಸಿದಾಗಿನ ಚುಂಯ್ ಕೇಳಿಯೇ ತಂದೆ ದೋಸೆ ಹುಯ್ಯುತ್ತಾರೆ, ನೋಡುವುದೇ ಇಲ್ಲ ಎಂದು ಸದಾನಂದ ವರದಿ ತಂದ. ಗಂಗೂ ತಮ್ಮ ಚಾಳಿನ ಕೆಳಗೆ ತಗಡು ಬಡಿಯುವ ಇಬ್ಬರನ್ನು ಕೇಳಿಕೊಂಡು ಬಂದಿದ್ದಳು. "ಒಬ್ಬಾಂವ ನಿಂತ್ರ ಇನ್ನೊಬ್ಬಾಂವನ ಪೆಟ್ಟು ಸಣ್ಣದಾಗ್ತೈತಿ ಟೀಚರ್. ಒಬ್ಬಾಂವಗ ಬ್ಯಾಸರಾ ಅನಸ್ತೈತಿ." ಇಂಥ ಮಾತನ್ನು ನನಗೆ ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ.

ನಾನು ಕರೆದೆನೆಂದು ತಿಂಗಳಿಗೊಮ್ಮೆ ಬಾಳಪ್ಪನವರೂ ಕ್ಲಾಸಿಗೆ ಬರುತ್ತಿದ್ದರು. ನಾಟಕದ ಒಂದು ಹಳೆಯ ಪದ ಹಾಡಿ, ಬೇಕೆಂದೇ ಒಂದು ಕಡೆ ಸ್ವರ ತಪ್ಪಿಸಿ, "ಎಲ್ಲಿ ಮೋಸ ಮಾಡಿದೆ, ಹಿಡೀರಿ" ಅನ್ನುತ್ತಿದ್ದರು. ಮಕ್ಕಳು ಮೊಣಕಾಲಿನ ಮೇಲೆ ಬೆರಳಿಟ್ಟು ತಾಳದ ಹದಿನಾರು ಪೆಟ್ಟು ಎಣಿಸುತ್ತ ಸಮ್ ಬಂದಾಗ ತಲೆದೂಗುವುದನ್ನು ಕಲಿತರು. ಅವರು ನಿಜವಾಗಿ ಎಣಿಸುತ್ತಿದ್ದರು. ನಾನು ಇನ್ನೂ ಗಂಗೂನ ಬೆರಳು ನೋಡಿಕೊಂಡು ತಲೆದೂಗುತ್ತಿದ್ದೆ. ಹಳೆಯ ಚಾಳಿ, ಬಿಡುವುದು ಸುಲಭವೇ?

ದೀಪಾವಳಿ ಕಳೆದ ಮೇಲೆ ಹೆಡ್‌ಮಾಸ್ತರರು ಕರೆಸಿದರು. ಸಂಗೀತದ ಪೀರಿಯಡ್ಡಿನಿಂದ ಏನು ಉಪಯೋಗವಾಯಿತು ಎಂದು ಶಾಲೆಯ ಕಮಿಟಿಯವರು ಕೇಳಿದ್ದರಂತೆ. ಗ್ಯಾದರಿಂಗ್‌ನಲ್ಲಿ, ಅಂದರೆ ಶಾಲೆಯ ವಾರ್ಷಿಕೋತ್ಸವದಲ್ಲಿ, ಮಕ್ಕಳು ಏನಾದರೂ ಮಾಡಿ ತೋರಿಸಬೇಕು, ಇಲ್ಲದಿದ್ದರೆ ಮುಂದಿನ ಜೂನಿನಿಂದ ಆ ಪೀರಿಯಡ್ ಗಣಿತಕ್ಕೆ. "ಒಂದು ಗೀತೆ ಹಾಡಿಸಿ ಟೀಚರೇ, ನಾಲ್ಕು ಸಾಲು ಸಾಕು. ನೀವು ಹೇಳಿಕೊಟ್ಟರೆ ಎಷ್ಟು ಹೊತ್ತು?"

"ಸರ್, ನನಗ ಹಾಡಲಿಕ್ಕೆ ಬರೂದಿಲ್ಲ."

ಅವರ ಕೆಂಪು ಪೆನ್ನು ಗಾಳಿಯಲ್ಲೇ ನಿಂತಿತು. "ಎಂಥದ್ದು? ನೀವು ಧಾರವಾಡದವರಲ್ವಾ?"

"ಧಾರವಾಡದಾಗ ಬರೇ ಕೇಳೋರೂ ಇರ್ತಾರ ಸರ್. ಅವರಿಲ್ಲಾಂದ್ರ ಹಾಡೋರು ಯಾರ ಮುಂದ ಹಾಡಬೇಕು?"

ಅವರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. ಬಯ್ಯುತ್ತಾರೆಂದುಕೊಂಡೆ. "ಅದು ಸರಿ. ಆದರೆ ಕೇಳುವುದನ್ನು ಸ್ಟೇಜಿನ ಮೇಲೆ ತೋರಿಸುವುದು ಹೇಗೆ, ಅದನ್ನು ಹೇಳಿ" ಎಂದರು.

ಅದು ನನಗೂ ಗೊತ್ತಿರಲಿಲ್ಲ. ಡ್ರಿಲ್ಲಿನವರು ಕವಾಯತು ತೋರಿಸುತ್ತಾರೆ, ಹೊಲಿಗೆಯವರು ಕಸೂತಿ ತೋರಿಸುತ್ತಾರೆ. ನಾವು ಕಿವಿ ತೋರಿಸಬೇಕೇ? ಆ ಪೀರಿಯಡ್ ಹೋದರೆ ಗಂಗೂನಂಥ ಇನ್ನೊಬ್ಬಳು ಮೂಕಿಯಾಗಿ ಕೊನೆಯ ಬೆಂಚಿನಲ್ಲೇ ಉಳಿಯುತ್ತಾಳೆ ಎಂಬ ಯೋಚನೆಯಿಂದ ನನಗೆ ಊಟ ಸೇರದಾಯಿತು. ಹೊರಗಿನಿಂದ ಯಾರನ್ನಾದರೂ ಕರೆಸಿ ನಾಲ್ಕು ಸಾಲು ಉರು ಹೊಡೆಸಿಬಿಡೋಣ ಎಂದೂ ಅಂದುಕೊಂಡೆ. ಕೊನೆಗೆ ಮಕ್ಕಳನ್ನೇ ಕೇಳಿದೆ. ಗಂಗೂ ತಡಮಾಡಲಿಲ್ಲ. "ಅಜ್ಜಾರು ಹಾಡ್ಲಿ, ನಾವು ಸ್ಟೇಜ್ ಮ್ಯಾಲ ಕುಂತು ಕೇಳತೀವಿ. ಜನಾ ನೋಡ್ಲಿ." ಬಾಳಪ್ಪನವರು ಮಕ್ಕಳಿಗೆಲ್ಲ ಆಗಲೇ ಅಜ್ಜ ಆಗಿದ್ದರು.

ಗ್ಯಾದರಿಂಗ್ ಒಂದು ಭಾನುವಾರದ ಬೆಳಿಗ್ಗೆ. ಶಾಲೆಯ ಹಾಲ್ ತುಂಬ ಪೋಷಕರು, ಅವರ ಕೈಕೂಸುಗಳು, ಮುಂದಿನ ಸಾಲಿನಲ್ಲಿ ಕಮಿಟಿಯವರು. ನಮ್ಮ ಸರದಿ ಬಂದಾಗ ತಬಲಾದವರ ಪತ್ತೆಯಿಲ್ಲ. ಕಲ್ಯಾಣದ ಕಡೆಯಿಂದ ಬರಬೇಕಿತ್ತು, ಲೋಕಲ್ ಕೈಕೊಟ್ಟಿತ್ತು. ಬಾಳಪ್ಪನವರು ತಮ್ಮ ಪೇಟಿಯ ಮುಂದೆ ಕೂತು ಹಿಂದಕ್ಕೆ ತಿರುಗಿ ಮಕ್ಕಳ ಕಡೆ ನೋಡಿ, "ನೀವ ಹಿಡೀರಿ ತಾಳ" ಎಂದರು. ನಲವತ್ತು ಮೊಣಕಾಲುಗಳ ಮೇಲೆ ನಲವತ್ತು ಕೈ ಮೆಲ್ಲನೆ ಬಿದ್ದವು.

ಹಾಡು ಶುರುವಾಯಿತು. ಹಾಲ್‌ನಲ್ಲಿ ಗುಜುಗುಜು ನಿಂತಿರಲಿಲ್ಲ. ಮಕ್ಕಳು ಯಾವಾಗ ಹಾಡುತ್ತಾರೆ ಎಂದು ಯಾರೋ ಗಟ್ಟಿಯಾಗಿಯೇ ಕೇಳಿದರು. ಬಾಳಪ್ಪನವರಿಗೆ ಎಷ್ಟೋ ವರ್ಷಗಳ ಮೇಲೆ ಸ್ಟೇಜು ಸಿಕ್ಕಿತ್ತು. ಹುಮ್ಮಸ್ಸಿನಲ್ಲಿ ಒಂದು ಉದ್ದನೆಯ ತಾನ್ ತೆಗೆದುಕೊಂಡು ಮೇಲೆ ಹೋದರು, ಸುತ್ತಿದರು, ಇನ್ನೂ ಮೇಲೆ ಹೋದರು. ಅಲ್ಲಿ ದಾರಿ ತಪ್ಪಿತು. ದನಿ ಸೀಳಿತು. ಕೈ ಪೇಟಿಯ ಮೇಲೆ ನಿಂತೇಬಿಟ್ಟಿತು. ಇದು ಬೇಕೆಂದು ಮಾಡಿದ ಮೋಸವಲ್ಲ ಎಂದು ನನಗೆ ಗೊತ್ತಾಯಿತು, ಮಕ್ಕಳಿಗೂ ಗೊತ್ತಾಯಿತು. ಮುದುಕರ ಕುತ್ತಿಗೆ ಬೆವರಿತ್ತು.

ಮಕ್ಕಳು ನಿಲ್ಲಲಿಲ್ಲ. ಒಬ್ಬರೂ ನಗಲಿಲ್ಲ, ಒಬ್ಬರೂ ಪಕ್ಕದವರ ಮುಖ ನೋಡಲಿಲ್ಲ. ನಲವತ್ತು ಕೈ ಅದೇ ನಡೆಯಲ್ಲಿ ಬೀಳುತ್ತಲೇ ಇದ್ದವು. ಹಾಡಿಲ್ಲದೆ ತಾಳವೊಂದೇ ಒಂದು ಪೂರ್ತಿ ಸುತ್ತು ಹೋಯಿತು. ಅದನ್ನು ಕೇಳಿ ಇಡೀ ಹಾಲ್ ತಾನಾಗಿ ಸುಮ್ಮನಾಯಿತು. ಕೈಕೂಸುಗಳೂ ಅಳಲಿಲ್ಲ ಎಂದರೆ ನೀವು ನಂಬುವುದಿಲ್ಲ, ಒಂದು ಅತ್ತಿತು. ನಾನು ತೆರೆಯ ಪಕ್ಕ ನಿಂತು ಕಣ್ಣು ಮುಚ್ಚಿಕೊಂಡೆ, ಭಯಕ್ಕೆ. ಎರಡನೆಯ ಸುತ್ತಿನ ನಡುವೆ ಬಾಳಪ್ಪನವರ ದನಿ ಕೆಳಗಿನಿಂದ, ಬಹಳ ಸಣ್ಣಗೆ, ಪದದ ಮೊದಲ ಮಾತನ್ನು ಹಿಡಿಯಿತು. ಹದಿನಾಲ್ಕು, ಹದಿನೈದು, ಹದಿನಾರು. ನನ್ನ ತಲೆ ಬಿತ್ತು. ಅದೇ ಕ್ಷಣಕ್ಕೆ ಸ್ಟೇಜಿನ ಮೇಲಿಂದ ನಲವತ್ತು ದನಿ "ಆಹಾ" ಅಂದವು.

ಕಣ್ಣು ತೆರೆದಾಗ ಬಾಳಪ್ಪನವರು ಹಾಡುತ್ತಲೇ ಅಳುತ್ತಿದ್ದರು. ನಾನೂ ಅಳುತ್ತಿದ್ದೆ. ಅವರು ಸಿಕ್ಕಿದ ದಾರಿಗೆ, ನಾನು ಜೀವನದಲ್ಲಿ ಮೊದಲ ಸಲ ಯಾರನ್ನೂ ನೋಡದೆ ಸಮ್ ಕಂಡದ್ದಕ್ಕೆ.

ಕಾರ್ಯಕ್ರಮ ಮುಗಿದ ಮೇಲೆ ಕಮಿಟಿಯ ಒಬ್ಬ ಹಿರಿಯರು ನನ್ನ ಹತ್ತಿರ ಬಂದು, "ಮುದುಕರು ಚೆನ್ನಾಗಿ ಹಾಡಿದರು. ಆದರೆ ಮಕ್ಕಳು ಏನೂ ಮಾಡಲಿಲ್ಲವಲ್ಲ ಟೀಚರ್?" ಎಂದರು. ಪಾಪ, ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಹೆಡ್‌ಮಾಸ್ತರರು ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು. ಆಮೇಲೆ ಪರೀಕ್ಷೆ ಬಂತು, ಬೇಸಿಗೆ ರಜೆ ಬಂತು. ಪೀರಿಯಡ್ ಹೋಯಿತೆಂದೇ ನಾನು ಮನಸ್ಸನ್ನು ಸಮಾಧಾನ ಮಾಡಿಕೊಂಡೆ. ಒಂದು ವರ್ಷವಾದರೂ ಸಿಕ್ಕಿತಲ್ಲ.

ಜೂನಿನಲ್ಲಿ ಶಾಲೆ ತೆರೆದ ದಿನ ಆಫೀಸಿನ ಗೋಡೆಯ ಮುಂದೆ ನಿಂತೆ. ಶನಿವಾರದ ಕೊನೆಯ ಚೌಕದಲ್ಲಿ ಗಣಿತ ಎಂದು ಬರೆದಿರಲಿಲ್ಲ. ಹೋದ ವರ್ಷ ಇದ್ದ ಸಂಗೀತ ಎಂಬ ಮಾತೂ ಇರಲಿಲ್ಲ. ಅದೇ ಮುತ್ತಿನಂಥ ಅಕ್ಷರದಲ್ಲಿ, "ಆಲಿಸುವುದು" ಎಂದಿತ್ತು. ಎದುರಿಗೆ ನನ್ನ ಹೆಸರು. ಒಳಗೆ ಮೇಜಿನ ಹಿಂದಿನಿಂದ ಹೆಡ್‌ಮಾಸ್ತರರು ತಲೆ ಎತ್ತದೆಯೇ ಹೇಳಿದರು. "ಹಿಂದಿನ ಬೆಂಚಿನಲ್ಲಿ ಒಂದು ಜಾಗ ಇಡಿ ಟೀಚರೇ. ಶನಿವಾರ ನನಗೂ ಕೆಲಸ ಕಡಿಮೆ."

ಇಷ್ಟು ಬರೆದು ನಿಲ್ಲಿಸಿದಾಗ ಸೊಸೆ ಚಹಾ ತಂದಿಟ್ಟು ಪಕ್ಕದಲ್ಲಿ ಕೂತಳು. ಅವಳು ಹುಟ್ಟಿ ಬೆಳೆದದ್ದೆಲ್ಲ ಮುಂಬಯಿಯಲ್ಲಿ. ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಕಾಗದದ ಕಡೆ ನೋಡಿ, "ಅತ್ತೆ, ಸ್ಕೂಲ್ ಬಗ್ಗೆ ಲಿಖ್ತಾ ಇದ್ದೀರಾ? ನಿಮ್ದು ಸಬ್ಜೆಕ್ಟ್ ಯಾವ್ದಿತ್ತು?" ಎಂದು ಕೇಳಿದಳು. ಈ ಪ್ರಶ್ನೆಗೆ ನಾನು ಇಷ್ಟು ವರ್ಷ ಭೂಗೋಳ ಎಂದೇ ಉತ್ತರ ಕೊಟ್ಟಿದ್ದೇನೆ. ಮದುವೆ ಮುಂಜಿಗಳಲ್ಲಿ, ಪೆನ್ಶನ್ನಿನ ಅರ್ಜಿಗಳಲ್ಲಿ, ಲೋಕಲ್‌ನಲ್ಲಿ ಪಕ್ಕಕ್ಕೆ ಕೂತ ಹೆಂಗಸರಿಗೆ, ಎಲ್ಲರಿಗೂ ಅದೇ.

"ಆಲಿಸೋದು" ಎಂದೆ.

"ಅಂದ್ರೆ?"

"ಕೂಡು, ಹೇಳ್ತೀನಿ" ಎಂದು ಕಾಗದವನ್ನು ಮೊದಲಿನಿಂದ ಅವಳಿಗೆ ಓದಿ ಹೇಳತೊಡಗಿದೆ. ಅವಳು ಎದ್ದು ಟೀವಿ ಆರಿಸಿ ಬಂದು ಮತ್ತೆ ಕೂತಳು.